ಟರ್ಮಿನಲ್ ಕಿತ್ತವರು

“ಟರ್ಮಿನಲ್ ಕೀಳ್ಬೇಡಿ ಅಪ್ಪಾಜಿ, ಒಂದ್ನಿಮಿಷ ತಡೀರಿ,” ಎಂದಳು ಭಾನುಪ್ರಿಯಾ.

ಕಾರಿನ ಎಂಜಿನ್ ಓಡುತ್ತಿತ್ತು. ಶಂಭುಲಿಂಗಯ್ಯನ ಸ್ಪ್ಯಾನರು ಆಗಲೇ ಬ್ಯಾಟರಿಯ ನಟ್ಟಿನ ಮೇಲಿತ್ತು. ತಿಪಟೂರಿನಲ್ಲಿ ಮೂವತ್ತೈದು ವರ್ಷ ಕಾರು, ಲಾರಿಗಳ ವೈರಿಂಗು ನೋಡಿದ ಮನುಷ್ಯ. ಓಡುವ ಗಾಡಿಯ ಬ್ಯಾಟರಿ ವೈರು ಕೀಳಬೇಕು. ಎಂಜಿನ್ ನಿಂತರೆ ಬ್ಯಾಟರಿಗೆ ಚಾರ್ಜು ತುಂಬುವ ಡೈನಮೋ ಕೆಟ್ಟಿದೆ, ನಿಲ್ಲದಿದ್ದರೆ ಬ್ಯಾಟರಿ ಹೋಗಿದೆ. ಇಷ್ಟೇ ಅವನ ಶಾಸ್ತ್ರ. ಹಳೇ ಅಂಬಾಸಿಡರುಗಳ ಕಾಲದಲ್ಲಿ ಅದು ಒಮ್ಮೆಯೂ ಕೈಕೊಟ್ಟಿರಲಿಲ್ಲ.

“ಬ್ಯಾಟರಿಲಿ ಹನ್ನೆರಡೇ ವೋಲ್ಟು ತೋರಿಸ್ತೈತೆ. ಎಂಜಿನ್ ಓಡ್ವಾಗ ಹದಿನಾಲ್ಕು ಇರ್ಬೇಕು. ಡೈನಮೋ ಹತ್ರನೂ ಮೀಟರ್ ಇಟ್ಟು ನೋಡ್ತೀನಿ. ಹೊಸ ಗಾಡಿ ಇದು, ಒಳಗೆ ಕಂಪ್ಯೂಟರ್ ಐತೆ. ಓಡ್ವಾಗ ವೈರ್ ಕಿತ್ರೆ ಸುಟ್ಟೋಗ್ತೈತೆ.”

ಮಗಳ ಮಾತು ಸರಿಯಾಗಿಯೇ ಇತ್ತು. ಆದರೆ ಆ ಬ್ಯಾಟರಿಯನ್ನು ಎರಡು ತಿಂಗಳ ಹಿಂದೆ ಹಾಕಿದ್ದು ಅವನೇ. ಗಾಡಿಯ ಒಡತಿ, ಅರಳಗುಪ್ಪೆಯ ಕೊಬ್ಬರಿ ವ್ಯಾಪಾರದ ಶಿವರುದ್ರಮ್ಮ, “ನೀವು ಕೊಟ್ಟ ಬ್ಯಾಟರಿ ಸತ್ತೈತೆ ಕಣ್ರೀ,” ಎಂದು ನಾಲ್ಕು ಜನರ ಮುಂದೆ ಅಂದು, ಎದುರಿನ ಹೋಟೆಲಿಗೆ ಕಾಫಿಗೆ ಹೋಗಿದ್ದರು. ಅವನ ಮೈ ಉರಿಯುತ್ತಿತ್ತು.

“ನೀನು ಡಿಪ್ಲೊಮಾ ಓದಿದ್ದು ಇದೇ ಸ್ಪ್ಯಾನರಿಂದ ಕಣೇ. ನಂಗೇ ಪಾಠ ಹೇಳ್ಬೇಡ!” ಎಂದವನೇ ವೈರು ಕಿತ್ತುಬಿಟ್ಟ.

ಒಳಗಿನ ದೀಪಗಳೆಲ್ಲ ಒಮ್ಮೆ ಜೋರಾಗಿ ಹೊತ್ತಿ ಆರಿಹೋದವು. ಎಂಜಿನ್ ನಿಂತಿತು. ವೈರು ಮತ್ತೆ ಬಿಗಿದು ಎಷ್ಟು ಸಲ ಕೀ ತಿರುಗಿಸಿದರೂ ಗಾಡಿ ಜಪ್ಪಯ್ಯ ಅನ್ನಲಿಲ್ಲ. ಕಂಪ್ಯೂಟರ್ ಸುಟ್ಟಿತ್ತು.

ಅಷ್ಟರಲ್ಲಿ ಶಿವರುದ್ರಮ್ಮ ಬಂದರು. “ಅಯ್ಯೋ ಶಿವನೇ, ಓಡ್ತಿದ್ದ ಗಾಡಿ! ಯಾರ್ರೀ ಹಿಂಗೆ ಮಾಡಿದ್ದು?”

ಭಾನುಪ್ರಿಯಾ ಅಪ್ಪನ ಮುಖ ನೋಡಿದಳು. ಅದು ಬಿಳುಚಿಕೊಂಡಿತ್ತು.

“ನಾನೇ ಕಣಮ್ಮಾ. ಗೊತ್ತಾಗ್ದೆ ಟರ್ಮಿನಲ್ ಕಿತ್ಬುಟ್ಟೆ,” ಎಂದಳು.

ಅವನು ಒಂದೇ ಒಂದು ಮಾತು ಆಡಬೇಕಿತ್ತು. ಆಡಲಿಲ್ಲ. “ಹೆಣ್ಮಕ್ಳ ಕೈಗೆ ಗಾಡಿ ಕೊಟ್ರೆ ಇನ್ನೇನಾಗ್ತದೆ?” ಎಂದು ಆಕೆ ರೇಗಿದಾಗ ಹೌದೆಂಬಂತೆ ತಲೆಯನ್ನೂ ಆಡಿಸಿದ. ಥೂ, ಇದೆಂಥ ಅಪ್ಪನಪ್ಪಾ!

ಮಧ್ಯಾಹ್ನ ಭಾನುಪ್ರಿಯಾ ಗಾಡಿಯ ಕೆಳಗೆ ಮಲಗಿ, ಡೈನಮೋದಿಂದ ಬ್ಯಾಟರಿಗೆ ಬರುವ ವೈರನ್ನು ಕೈಯಲ್ಲೇ ಸವರುತ್ತ ಹೋದಳು. ನಡುವೆ ಇಲಿ ಕಡಿದು ಎರಡೇ ಎಳೆ ಉಳಿದಿತ್ತು. ಕೊಬ್ಬರಿ ಅಟ್ಟದ ಕೆಳಗೆ ನಿಲ್ಲಿಸುವ ಗಾಡಿ. ಇಲಿಗಳು ಬಾನೆಟ್ಟಿನೊಳಗೇ ಸಂಸಾರ ಹೂಡಿದ್ದವು. ಬ್ಯಾಟರಿಯದೂ ತಪ್ಪಿಲ್ಲ, ಡೈನಮೋದೂ ತಪ್ಪಿಲ್ಲ.

“ಯಾಕವ್ವಾ ಹಂಗಂದೆ?” ಎಂದ ಅಪ್ಪ ಮೆಲ್ಲಗೆ.

“ನಿಮ್ದು ಮೂವತ್ತೈದು ವರ್ಷದ ಹೆಸ್ರು ಅಪ್ಪಾಜಿ. ನಂದೇನು, ನಿನ್ನೆ ಮೊನ್ನೇದು.”

ಆ ನಿನ್ನೆ ಮೊನ್ನೆಯ ಹೆಸರು ವಾರದಲ್ಲಿ ಮಣ್ಣುಪಾಲಾಯಿತು. ಬಂದ ಡ್ರೈವರುಗಳೆಲ್ಲ, “ನೀವೇ ನೋಡಿ, ಮಗಳು ಮುಟ್ಟೋದು ಬ್ಯಾಡ,” ಎನ್ನತೊಡಗಿದರು. ಆರನೇ ಕ್ಲಾಸಿನಿಂದ ಈ ಅಂಗಡಿಯೇ ತನ್ನದೆಂದು ಬೆಳೆದವಳು ತುಮಕೂರಿನ ಒಂದು ಶೋರೂಮಿಗೆ ಸೇರಿದಳು. ಗಾಡಿ ಮುಟ್ಟುವ ಕೆಲಸವಲ್ಲ. ಕೌಂಟರಿನಲ್ಲಿ ಕೂತು, ಬಂದವರ ಹೆಸರು, ನಂಬರು ಬರೆದುಕೊಳ್ಳುವುದು. ಬೆಳಿಗ್ಗೆ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಹೊರಟ ಮಗಳ ಶುಭ್ರವಾದ ಬೆರಳುಗಳನ್ನು ಕಂಡರೆ ಅವನು ತನ್ನ ಗ್ರೀಸು ಹಿಡಿದ ಕೈಗಳನ್ನು ಬೆನ್ನ ಹಿಂದೆ ಸರಿಸಿಕೊಳ್ಳುತ್ತಿದ್ದ.

ಹೊಸ ಕಂಪ್ಯೂಟರನ್ನು ಅವನೇ ತರಿಸಿ ಹಾಕಿದ. ಗಾಡಿ ಒಯ್ಯಲು ಬಂದ ಶಿವರುದ್ರಮ್ಮ, “ಎಲ್ರೀ ಮಗಳು?” ಎಂದರು.

ಇನ್ನು ತಡೆಯಲಾಗಲಿಲ್ಲ. “ಅಮ್ಮಾರೆ, ಅವತ್ತು ಟರ್ಮಿನಲ್ ಕಿತ್ತಿದ್ದು ನಾನು. ಅವ್ಳು ಬ್ಯಾಡ ಬ್ಯಾಡ ಅಂದ್ಲು, ನಾನೇ ಕೇಳ್ಲಿಲ್ಲ.”

ಆಕೆ ಅವನನ್ನೇ ದಿಟ್ಟಿಸಿದರು. ಆಮೇಲೆ ಅವರ ಮುಖ ಮೆತ್ತಗಾಯಿತು.

“ಮಗಳ ತಪ್ನ ನಿಮ್ ತಲೆ ಮೇಲೆ ಹೊತ್ಕೋತೀರಲ್ಲ. ಕರುಳು ಕಣ್ರೀ, ಬುಡಿ.”

“ದೇವ್ರಾಣೆಗೂ ನಾನೇ ಕಣಮ್ಮಾ...”

“ಸುಮ್ನಿರಿ ಸಾಕು. ಅವ್ಳೇ ಒಪ್ಕಂಡ್ಲು, ನೀವೂ ತಲೆ ಆಡಿಸುದ್ರಿ, ನಾನೇ ಕಣ್ಣಾರೆ ನೋಡ್ಲಿಲ್ವಾ? ಎಂಥಾ ಒಳ್ಳೆ ಅಪ್ಪ ಕಣ್ರೀ ನೀವು!”

ಒಂದೇ ಸಲಕ್ಕೆ ಗಾಡಿ ಸ್ಟಾರ್ಟಾಯಿತು. ಅದನ್ನು ತಿರುಗಿಸಿಕೊಳ್ಳಲು ಜಾಗ ಬಿಟ್ಟು, ಶಂಭುಲಿಂಗಯ್ಯ ಗೋಡೆಗೆ ಒತ್ತಿಕೊಂಡು ನಿಂತ.