ತೆಂಗಿನೆಣ್ಣೆ ಹಚ್ಚಿದ ಗ್ಲೌಸ್

ಪರೀಕ್ಷೆಗೆಂದು ಹೋಗಿ ಮಣಿಪಾಲದ ಲ್ಯಾಬಿನಿಂದ ಹಿಂದಿರುಗಿದ ರಬ್ಬರ್ ಗ್ಲೌಸನ್ನು ಮೇಲ್ವಿಚಾರಕ ಪ್ರವೀಣ್ ಮೇಜಿನ ಮೇಲೆ ಎಸೆದಾಗಲೇ ಚಂಪಾಳಿಗೆ ಅದರ ಗುರುತು ಸಿಕ್ಕಿತು. ಬೆರಳುಗಳು ಊದಿಕೊಂಡು ಜಿಗುಟಾಗಿದ್ದವು. ಎಣ್ಣೆ ತಾಗಿ ರಬ್ಬರ್ ಕೆಟ್ಟಿದೆ, ಬಳಸಬಾರದು ಎಂದು ಜೊತೆಗಿದ್ದ ಚೀಟಿ ಹೇಳುತ್ತಿತ್ತು.

ಕಾರ್ಕಳದ ಆ ವಿದ್ಯುತ್ ಗುತ್ತಿಗೆದಾರರ ಕಚೇರಿಯಲ್ಲಿ ಚಂಪಾ ಸ್ಟೋರ್ ನೋಡಿಕೊಳ್ಳುತ್ತಿದ್ದಳು. ಲೈನಿನವರ ಗ್ಲೌಸ್ ತೊಳೆದು, ನೆರಳಲ್ಲಿ ಒಣಗಿಸಿ, ಪೌಡರ್ ಹಾಕಿ ಇಡುವುದೂ ಅವಳದೇ ಕೆಲಸ. ಹೋದ ತಿಂಗಳು ಎರಡು ಜೊತೆ ಬಿರುಸಾದಂತೆ ಕಂಡು, ಯಾರನ್ನೂ ಕೇಳದೆ ತೆಂಗಿನೆಣ್ಣೆ ಸವರಿದ್ದಳು. ಒಡೆದ ಹಿಮ್ಮಡಿಗೂ, ಕಿರುಗುಟ್ಟುವ ಬಾಗಿಲಿಗೂ, ಮಗಳ ತಲೆಗೂ ಅದನ್ನೇ ಹಚ್ಚಿದ ಕೈ. ಮೆತ್ತಗಾದವೆಂದು ಒಳಗೊಳಗೇ ಬೀಗಿದ್ದಳು ಬೇರೆ.

“ಎಂತ ರೇವಪ್ಪ, ಗೋಳಿಬಜೆ ತಿಂದ ಎಣ್ಣೆಗೈ ತೊಳೆಯಲಿಕ್ಕೆ ನೀರು ಸಿಗಲಿಲ್ವಾ ಮಾರಾಯ?” ಪ್ರವೀಣ್ ಎಲ್ಲರೆದುರು, ಆ ಗ್ಲೌಸ್ ಬಳಸುತ್ತಿದ್ದ ಲೈನ್‌ಮನ್ ರೇವಪ್ಪನ ಮೇಲೆ ರೇಗಿದ.

“ನಾ ಅಲ್ರೀ ಸರ.” ರೇವಪ್ಪ ಬಾಗಲಕೋಟೆ ಕಡೆಯವನು.

“ಮತ್ತೆ ಯಾರು, ನಮ್ಮ ಚಂಪಕ್ಕನಾ?”

ಎಲ್ಲರೂ ನಕ್ಕರು. ಚಂಪಾಳೂ ನಕ್ಕಳು. ಆ ನಗು ಅವಳ ಕಿವಿಗೇ ಒಡೆದ ಗಂಟೆಯಂತೆ ಕೇಳಿಸಿತು.

ರೇವಪ್ಪ ಶೆಲ್ಫಿನಿಂದ ಇನ್ನೊಂದು ಜೊತೆ ತೆಗೆದುಕೊಂಡು ಲೈನ್ ಕೆಲಸಕ್ಕೆ ಕುಕ್ಕುಂದೂರಿಗೆ ಹೊರಟ.

ಹನ್ನೆರಡು ವರ್ಷದಲ್ಲಿ ತನ್ನ ಮೇಲೆ ಒಂದು ಮಾತು ಬಂದದ್ದಿಲ್ಲ. ಈಗಲೂ ಬರಲಿಲ್ಲ ಎಂಬ ಸಮಾಧಾನ ಚಂಪಾಳಿಗೆ ಗಳಿಗೆ ಹೊತ್ತು ಹಿತವಾಗಿತ್ತು. ಆಮೇಲೆ ಬರಿದಾದ ಶೆಲ್ಫಿನ ಮೇಲೆ ಕಣ್ಣು ಬಿತ್ತು. ರೇವಪ್ಪ ಒಯ್ದದ್ದೂ ಎಣ್ಣೆ ಹಚ್ಚಿದ ಜೊತೆಯೇ. ಕಂಬದ ಮೇಲೆ ಅವನಿಗೂ ಕರೆಂಟಿಗೂ ನಡುವೆ ಇರುವುದು ಅಷ್ಟೇ ರಬ್ಬರು. ಅವಳು ಮೊಬೈಲ್ ತೆಗೆದು ಅವನಿಗೆ ಫೋನ್ ಮಾಡಿದಳು.

“ರೇವಪ್ಪಾ, ಕಂಬ ಹತ್ತಬೇಡ! ಆ ಗ್ಲೌಸಿಗೂ ನಾನೇ ಎಣ್ಣೆ ಹಚ್ಚಿದ್ದು.”

“ಹತ್ತಿಲ್ರೀ ಅಕ್ಕಾರ. ಗ್ಲೌಸಿನ ಬಾಯಿ ಸುತ್ತಿ, ಗಾಳಿ ತುಂಬಿ, ಕಿವಿ ಹತ್ರ ಹಿಡದೆ. ಬುಸ್ ಅಂತು, ತೂತು ಬಿದ್ದೈತಿ. ಕೊಬ್ಬರಿಎಣ್ಣಿ ವಾಸನಿನೂ ಬಂತು. ನಮ್ಮನ್ಯಾಗ ಶೇಂಗಾಎಣ್ಣಿರೀ.” ಅವನು ಸಣ್ಣಗೆ ನಕ್ಕ.

“ಪ್ರವೀಣ್ ಸರ್‌ಗೆ ಹೇಳಿದ್ಯಾ?”

“ಇಲ್ರೀ. ನೀವ ಹೇಳ್ತೀರಿ ಅಂದ್ಕೊಂಡೆ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ಪ್ರವೀಣ್ ತನ್ನ ಕೋಣೆಯಲ್ಲಿ ಒಬ್ಬನೇ ಇದ್ದ. ಗ್ಲೌಸ್ ತೂತಾಗಿದೆಯಂತೆ, ಹೊಸತು ಕಳಿಸಿ ಎಂದಷ್ಟೇ ಹೇಳಿ ಬರಬಹುದಿತ್ತು. ಬಾಗಿಲವರೆಗೆ ಹೋದ ಚಂಪಾ ಹಿಂದಿರುಗಿ, ತನ್ನ ಮೇಜಿನ ಡ್ರಾವರಿನಿಂದ ಎಣ್ಣೆ ಬಾಟಲಿ ತೆಗೆದಳು.

“ಸರ್, ಸ್ವಲ್ಪ ಹೊರಗೆ ಬನ್ನಿ. ನೀವೂ ಎಲ್ಲ ಬನ್ನಿ,” ಎಂದು ಬೆಳಿಗ್ಗೆ ನಕ್ಕವರನ್ನೂ ಕರೆದಳು. ಬಾಟಲಿಯನ್ನು ಎಲ್ಲರಿಗೂ ಕಾಣುವಂತೆ ಹಿಡಿದಳು. “ರೇವಪ್ಪನಿಗೆ ಬೈದದ್ದು ಉಂಟಲ್ಲ, ಅದು ನನಗೆ ಬೈಯಬೇಕಾದ್ದು.”