ಮಾಲವ್ವನ ಕೆನ್ನೆ

ಅರವತ್ತರ ಸುಮಾರಿಗೆ ದಾಂಡೇಲಿಯಲ್ಲಿ ಬಂದೇನವಾಜನದೊಂದು ಫೋಟೋ ಸ್ಟುಡಿಯೋ ಇತ್ತು. ಹೆಣ್ಣುಮಕ್ಕಳ ಫೋಟೋ ತೆಗೆಯಲೆಂದೇ ಅವನು ಮಗಳು ದಿಲಶಾದಳಿಗೆ ಕೆಲಸ ಕಲಿಸುತ್ತಿದ್ದ. ಕಲಿಸುವುದೇನೋ ಚೆನ್ನ, ಬಾಯಿ ಮಾತ್ರ ಕೆಟ್ಟದು. ಕಿಟಕಿಗೆದುರಾಗಿ ಬಿಳಿ ಚಾದರ ಕಟ್ಟಿ, ಮುಖದ ನೆರಳು ತಿಳಿಯಾಗಿಸಿ ಅವಳು ಹಿಗ್ಗಿನಿಂದ ತೋರಿಸಿದರೆ, "ಮೂಗೆಲ್ಲಿ ಹೋತು? ರೊಟ್ಟಿ ತಟ್ಟೀಯೇನು?" ಎನ್ನುತ್ತಿದ್ದ. ಚಾದರ ತೆಗೆದರೆ, "ಅರ್ಧ ಮಾರಿಗೆ ಗ್ರಹಣ ಹಿಡದೈತಿ" ಎನ್ನುತ್ತಿದ್ದ. ಹುಡುಗಿಗೆ ಅತ್ತ ದರಿ, ಇತ್ತ ಪುಲಿ.

ಹಳಿಯಾಳದ ಕಡೆಯ ಹಳ್ಳಿಯಿಂದ ಕಾಶೆವ್ವ ತನ್ನ ಒಬ್ಬಳೇ ಮಗಳು ಮಾಲವ್ವನನ್ನು ಕರೆತಂದಳು. ವರನ ಕಡೆಯವರು ಫೋಟೋ ಕೇಳಿದ್ದರು. ಹುಡುಗಿಯ ಕೆನ್ನೆಯ ಮೇಲೆ, ಚಿಕ್ಕಂದಿನಲ್ಲಿ ಒಲೆಯ ಕೆಂಡ ತಾಗಿ ಆದ ಬಿಳಿ ಕಲೆಯಿತ್ತು. ಮಾತುಮಾತಿಗೆ ನಗುವವಳನ್ನು ದಿಲಶಾದ ಗದರಿಸಿ ಗದರಿಸಿ ಬಾಯಿ ಮುಚ್ಚಿಸಿ ಫೋಟೋ ತೆಗೆದಳು.

ಹೆಣ್ಣು ತೋರಿಸುವ ಫೋಟೋದಲ್ಲಿ ಕಲೆ ಉಳಿಸುವ ಪದ್ಧತಿ ಇರಲಿಲ್ಲ. ತೆಗೆಯಲೋ ಬೇಡವೋ ಎಂದು ಕೇಳುವ ಪದ್ಧತಿಯಂತೂ ಇರಲೇ ಇಲ್ಲ. ಸಿಡುಬಿನ ಕುಳಿಯಾದರೆ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿದರಾಯಿತು, ಬೇಡವಾದಾಗ ಒರೆಸಬಹುದು. ಬಿಳಿ ಕಲೆ ನೆಗೆಟಿವ್ ಮೇಲೆ ಕಪ್ಪಾಗಿ ಮೂಡುತ್ತದೆ, ಅದನ್ನು ಹೆರೆಯಲು ಬ್ಲೇಡೇ ಬೇಕು. ಹೆರೆದದ್ದು ಮತ್ತೆ ಬಾರದು. ದಿಲಶಾದ ಉಸಿರು ಬಿಗಿಹಿಡಿದು ಹೆರೆದಳು. ಬಂದೇನವಾಜ ಪ್ರಿಂಟನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಈಗ ನಿನ್ನ ಕೈ ಕೂತತು ನೋಡು," ಎಂದ.

ಆ ಒಂದು ಮಾತಿಗಾಗಿ ಅವಳು ಎಷ್ಟು ಕಾದಿದ್ದಳೋ! ಅಡುಗೆಮನೆಗೆ ಹೋಗಿ ಒಬ್ಬಳೇ ಅತ್ತಳು.

ಪ್ರಿಂಟು ಮಧ್ಯಸ್ಥರ ಕೈಯಲ್ಲಿ ನೇರ ವರನ ಮನೆಗೆ ಹೋಯಿತು. ಅವರು ಹೆಣ್ಣು ನೋಡಲು ಬರುವ ಮೊದಲೇ ಮಾಲವ್ವ ವಿಷಮಜ್ವರದಲ್ಲಿ ತೀರಿಕೊಂಡಳು.

ತಿಂಗಳೊಪ್ಪತ್ತಿನಲ್ಲಿ ಕಾಶೆವ್ವ ಮತ್ತೆ ಬಂದಳು. "ಅಕಿದು ಬ್ಯಾರೆ ಫೋಟೋನ ಇಲ್ಲವ್ವಾ. ಗ್ವಾಡಿಗೆ ಹಾಕಾಕ ದೊಡ್ಡದು ಮಾಡಿಕೊಡು."

ದೊಡ್ಡದು ಮಾಡಿಕೊಟ್ಟರು. ಕಾಶೆವ್ವ ಅದನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಒರೆಸಿದಳು.

"ಚಂದ ಅದಾಳ. ಆದರ ನನ್ನ ಮಗಳ ಗಲ್ಲದ ಕಲೆ ಎಲ್ಲೈತಿ? ದಿನಾ ಮುಂಜಾನೆ ಅದನ್ನ ಸವರಿ ಎಬ್ಬಸ್ತಿದ್ದೆ."

ದಿಲಶಾದ ಓಡಿಹೋಗಿ ನೆಗೆಟಿವ್ ತಂದು ಬೆಳಕಿಗೆ ಹಿಡಿದಳು. ಎಷ್ಟು ನಾಜೂಕಾಗಿ ಹೆರೆದಿದ್ದಳೆಂದರೆ, ಎಲ್ಲಿ ಹೆರೆದೆನೆಂದು ಅವಳಿಗೇ ಗುರುತು ಸಿಗಲಿಲ್ಲ. ತನ್ನ ಕೈಯ ಬಗ್ಗೆಯೇ ಅವಳಿಗೆ ಹೇಸಿಗೆಯೆನಿಸಿತು. ಉಳಿದದ್ದು ಒಂದೇ ದಾರಿ: ದೊಡ್ಡ ಪ್ರಿಂಟಿನ ಮೈಯನ್ನೇ ತುಸು ಕೆರೆದು ಬಿಳಿ ಬರಿಸುವುದು.

"ಯಮ್ಮಾ, ಬಾಜೂಕ ಕುಂದರ್ರಿ. ಎಲ್ಲಿತ್ತು ತೋರಸ್ರಿ, ನಾ ತರ್ತೇನಿ."

"ಇಲ್ಲಿ." ಕಾಶೆವ್ವ ಬೆರಳಿಟ್ಟಳು. ಬ್ಲೇಡು ತಾಗುವಷ್ಟರಲ್ಲಿ, "ತಡಿ, ತಡಿ. ಸ್ವಲ್ಪ ಮ್ಯಾಲ. ಅಲ್ಲವ್ವಾ, ನಕ್ಕಾಗ ಮ್ಯಾಲ ಹೋಗತಿತ್ತು. ಸುಮ್ನ ಇದ್ದಾಗ..."

ಎಚ್ಚರಿದ್ದಾಗ ಮಗಳು ಸುಮ್ಮನಿದ್ದದ್ದನ್ನು ಅವಳು ಯಾವಾಗ ನೋಡಿದ್ದಳು? ಕಣ್ಣು ಮುಚ್ಚಿ, ಕೈ ಚಾಚಿ, ಮುಂಜಾನೆ ಮಗಳನ್ನು ಎಬ್ಬಿಸುವಂತೆ ದಿಲಶಾದಳ ಕೆನ್ನೆ ಸವರಿದಳು. ಬೆರಳು ಕಿವಿಯ ಅಂಚಿಗೆ ಹೋಯಿತು, ತುಟಿಯ ಮೂಲೆಗೆ ಬಂತು, ಮತ್ತೆ ಮೇಲೇರಿತು. ಎಲ್ಲಿಯೂ ನಿಲ್ಲಲಿಲ್ಲ.

"ನಾನ ಮರತೇನವಾ," ಎಂದಳು ಕಾಶೆವ್ವ. "ಹಡದಾಕಿ ನಾನ ಮರತೇನಿ."

ದಿಲಶಾದ ಬ್ಲೇಡನ್ನು ಕೆಳಗಿಟ್ಟಳು. ಕಾಶೆವ್ವನ ಕೈ ಅವಳ ಕೆನ್ನೆಯ ಮೇಲೆ ಇನ್ನೂ ಹುಡುಕುತ್ತಲೇ ಇತ್ತು. ದಿಲಶಾದ ಮುಖ ಅಲುಗಿಸದೆ ಕುಳಿತಳು.