ಗೇಟಿನ ಮುಂದೆ ಗುರುಶಾಂತವ್ವ

ವಿಮಾನ ಹೊತ್ತವರು ಗೇಟಿನ ಮುಂದೆ ಗಕ್ಕನೆ ನಿಂತುಬಿಟ್ಟರು. ಆ ರಭಸಕ್ಕೆ ಹಣೆಯ ಪಟ್ಟಿ ಸಡಿಲಾಗಿ, ಹೂಮಾಲೆಗಳ ನಡುವೆ ಕೂತಿದ್ದ ಗುರುಶಾಂತವ್ವನ ತಲೆ ಮುಂದಕ್ಕೆ ವಾಲಿತು. ಭಜನೆಯವರ ತಾಳ ನಿಂತಿತು. ಗುರುಶಾಂತವ್ವನ ಮಂದಿಯಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಬಿದಿರಿನ ವಿಮಾನ ಕಟ್ಟಿ, ಕೂರಿಸಿ ಒಯ್ದು, ಕೂತಂತೆಯೇ ಮಣ್ಣು ಮಾಡುತ್ತಾರೆ.

ಬನವಾಸಿ ಹತ್ತಿರದ ಆ ಊರಿನವರು ಅಜ್ಜ ಮುತ್ತಜ್ಜರ ಕಾಲದಿಂದ ರುದ್ರಭೂಮಿಗೆ ಹೋಗುತ್ತಿದ್ದದ್ದು ಇದೇ ದಾರಿಯಲ್ಲಿ. ಹೋದ ತಿಂಗಳು ಶಿವಯೋಗಪ್ಪ ಸಾಹುಕಾರ ಈ ದಾರಿಯನ್ನೂ ನುಂಗಿ ತನ್ನ ಅನಾನಸ್ ಹೊಲಕ್ಕೆ ಬೇಲಿ ಬಿಗಿದಿದ್ದ, ಕಬ್ಬಿಣದ ಗೇಟಿಗೆ ಬೀಗ ಜಡಿದಿದ್ದ. ಇದೇನು ನಿಮ್ಮಪ್ಪನ ದಾರಿಯೇ ಎಂದು ಕೇಳಿದವಳು ಗುರುಶಾಂತವ್ವ ಒಬ್ಬಳೇ. ಪಂಚಾಯ್ತಿಗೂ ಹೋಗಿಬಂದಿದ್ದಳು. ಅಷ್ಟರಲ್ಲಿ ಎದೆನೋವು ಬಂತು, ಸಿರ್ಸಿಯ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಳು.

ಅವಳ ಭಾವ ಕೆರಿಯಪ್ಪ ಕೆಮ್ಮಿದ. ಗದ್ದೆ ಹಾಯ್ದು ಹೋಗೋಣ, ಕೆಸರಾದರೆ ತೊಳಕೊಂಡರಾಯಿತು, ಮಣ್ಣಿನ ದಿನ ಜಗಳ ಶೋಭೆಯಲ್ಲ ಎಂದ. ಹಿರಿಯರು ತಲೆಯಾಡಿಸಿದರು. ಶೋಭೆಯಂತೆ! ನಾಳೆ ಸಾಹುಕಾರನ ಟ್ರ್ಯಾಕ್ಟರು ಬೇಕಲ್ಲ, ಅದಕ್ಕೆ ಈ ಶೋಭೆ.

ಗುರುಶಾಂತವ್ವನ ಮಗಳು ರಮ್ಯಶ್ರೀ ವಿಮಾನದ ಬಿದಿರನ್ನು ಬಿಗಿಯಾಗಿ ಹಿಡಿದುಕೊಂಡಳು. ಅವ್ವ ಯಾರ ಹಿತ್ತಿಲ ದಾರಿಯನ್ನೂ ಹಿಡಿದವಳಲ್ಲ. ಈಗ ಕಳ್ಳರ ಹಾಗೆ ಕೆಸರಲ್ಲಿ ಒಯ್ಯಬೇಕೇ? ಬೇಡ ಎನ್ನಬೇಕು, ಆದರೆ ಇಷ್ಟು ಮಂದಿಯೆದುರು ಹೇಗೆ? ಸಿರ್ಸಿಯಲ್ಲಿ ಕಾಲೇಜಿಗೆ ಸೇರಿದಂದಿನಿಂದ, ಕ್ಲಾಸ್ ಲೀಡರಿಗೆ ನಿಲ್ಲು ಎಂದು ಅವ್ವ ಜೀವ ತಿಂದಿದ್ದಳು. ಜನರೆದುರು ಬಾಯಿ ಬಿಡಲಾರದ ಹುಡುಗಿ ಒಲ್ಲೆನೆಂದು ಹಟ ಹಿಡಿದಿದ್ದಳು. ಅವ್ವನ ಜೊತೆ ಆಡಿದ ಕೊನೆಯ ಜಗಳವೂ ಅದೇ.

ಪಕ್ಕದಲ್ಲಿ ಜೈನಾಬ್ ಇದ್ದಳು, ಅವ್ವನ ಕಾಲೇಜು ಗೆಳತಿ. ಸುದ್ದಿ ಕೇಳಿದವಳೇ ಸಿರ್ಸಿಯಿಂದ ಓಡಿಬಂದಿದ್ದಳು. ಲೀಡರಿನ ಜಗಳವನ್ನು ಅವ್ವ ಅವಳ ಹತ್ತಿರ ಹೇಳಿಕೊಂಡಿದ್ದಳು. ಹುಡುಗಿಯ ಒಣಗಿದ ತುಟಿ ನೋಡಿ ಭುಜ ಹಿಡಿದಳು.

"ಲೀಡರ್ ಅಂದ್ರ ಬಾಯಿ ಜೋರಿರಬೇಕು ಅಂತ ತಿಳಕೊಂಡೀ ಏನು?" ಎಂದಳು ಮೆಲ್ಲಗೆ. "ನಿಮ್ಮವ್ವನೂ ಮೊದಲು ಹಂಗೇ ತಿಳಕೊಂಡಿದ್ಲು."

*

ತೊಂಬತ್ತೊಂದರಲ್ಲಿ ಅವರ ಕಾಲೇಜಿನ ಹುಡುಗಿಯರ ಕೋಣೆಗೆ ಬೀಗ ಬಿದ್ದಿತ್ತು. ಒಳಗೆ ಕ್ರಿಕೆಟ್ ಸಾಮಾನು ತುಂಬಿದ್ದರು. ಹಳ್ಳಿಯಿಂದ ಬಂದ ಹುಡುಗಿಯರು ಡಬ್ಬಿ ಹಿಡಿದು ಬಸ್‌ಸ್ಟ್ಯಾಂಡಿಗೆ ಹೋಗಿ ಉಣ್ಣಬೇಕು. ಗುರುಶಾಂತವ್ವ ಯಾರನ್ನೂ ಕೇಳದೆ ತಾನೇ ಲೀಡರಾದಳು. ಎಲ್ಲರನ್ನೂ ಎಬ್ಬಿಸಿಕೊಂಡು ಹೋಗಿ ಪ್ರಿನ್ಸಿಪಾಲರ ಮೇಜು ಕುಟ್ಟಿ ಕೂಗಾಡಿದಳು. ಅವರು ಕನ್ನಡಕ ಒರೆಸುತ್ತ, ನಿನ್ನ ಹಿಂದೆ ಯಾರಿದ್ದಾರಮ್ಮ ಎಂದರು. ತಿರುಗಿ ನೋಡಿದರೆ ಒಂದು ನರಪಿಳ್ಳೆಯೂ ಇಲ್ಲ. ಎಲ್ಲರಿಗಿಂತ ಮೊದಲು ಓಡಿದವಳು ಜೈನಾಬಳೇ.

ಕೆಲವು ದಿನ ಗುರುಶಾಂತವ್ವ ದೂರ ಹೋಗಿ ಒಬ್ಬಳೇ ಉಂಡಳು. ಆಮೇಲೆ ಒಬ್ಬೊಬ್ಬರ ಹತ್ತಿರವೂ ಹೋಗಿ, ನಿನ್ನ ಕೈಲಿ ಏನಾಗುತ್ತದೆ ಹೇಳು ಎಂದು ಕೇಳತೊಡಗಿದಳು. ಕೂಗಲು ಆಗುವುದಿಲ್ಲ, ಎದುರು ನಿಂತರೆ ಕಾಲು ನಡುಗುತ್ತದೆ ಎಂದಳು ಜೈನಾಬ್.

"ಕುಂದ್ರಾಕ ಬರ್ತೈತಲ್ಲ? ಅಷ್ಟು ಸಾಕು," ಎಂದಳು ಗುರುಶಾಂತವ್ವ.

ಮರುದಿನ ಮಧ್ಯಾಹ್ನ ಹುಡುಗಿಯರೆಲ್ಲ ಪ್ರಿನ್ಸಿಪಾಲರ ಬಾಗಿಲ ಮುಂದೆ ಕೂತು ಡಬ್ಬಿ ಬಿಚ್ಚಿದರು. ಘೋಷಣೆ ಇಲ್ಲ, ಗಲಾಟೆ ಇಲ್ಲ, ಬರೀ ರೊಟ್ಟಿ, ಚಟ್ನಿಪುಡಿ, ಉಪ್ಪಿನಕಾಯಿಯ ವಾಸನೆ. ಗುರುಶಾಂತವ್ವ ಎಲ್ಲರ ಹಿಂದೆ ಕೂತಿದ್ದಳು. ನಿಮ್ಮ ಲೀಡರ್ ಯಾರು ಎಂದು ಪ್ರಿನ್ಸಿಪಾಲರು ಗದರಿದಾಗ ಒಬ್ಬಳೂ ತಲೆಯೆತ್ತಲಿಲ್ಲ, ಉಣ್ಣುತ್ತಲೇ ಇದ್ದರು. ಆ ವಾರವೇ ಕೋಣೆಯ ಬೀಗ ತೆಗೆದರು.

ಆಮೇಲೆ ಅವಳೇನು ಮಂತ್ರಿಯಾದಳೇ? ಮದುವೆಯಾದಳು, ಗಂಡ ಸತ್ತ ಮೇಲೆ ಹಿಟ್ಟಿನ ಗಿರಣಿ ನಡೆಸಿದಳು. ಬಿ.ಎ. ಓದಿ ಹಿಟ್ಟು ಬೀಸ್ತಾಳೆ ಎಂದು ಊರು ನಕ್ಕಿತು. ನಗಲಿ. ಬೀಸಿಸಲು ಬಂದ ಹೆಂಗಸರನ್ನು ಪಂಚಾಯ್ತಿ ಕಟ್ಟೆಯ ಮೇಲೆ ಕೂರಿಸಿಯೇ ಅವಳು ಊರಿಗೆ ನಲ್ಲಿ ನೀರು ತರಿಸಿದ್ದಳು. ನಕ್ಕವರೂ ಅದನ್ನೇ ಕುಡಿದರು.

*

ಕೆರಿಯಪ್ಪ ವಿಮಾನ ತಿರುಗಿಸಿರೆಂದ. ಹೊತ್ತವರು ಗದ್ದೆಯ ಕಡೆ ಹೊರಳಿದರು.

ರಮ್ಯಶ್ರೀ ಕೂಗಲಿಲ್ಲ. ಎಲ್ಲರಿಗಿಂತ ಹಿಂದೆ ನಿಂತಿದ್ದ ಮುದುಕಿ ನೀಲಗಂಗವ್ವನ ಹತ್ತಿರ ಹೋಗಿ ಕಿವಿಯಲ್ಲಿ ಏನೋ ಕೇಳಿದಳು. ಮುದುಕಿ ಗೇಟು ನೋಡಿತು, ಹುಡುಗಿಯ ಮುಖ ನೋಡಿತು, ಸೆರಗು ಸರಿಮಾಡಿಕೊಂಡು ದಾರಿಯಲ್ಲೇ ಕೂತುಬಿಟ್ಟಿತು. ರಮ್ಯಶ್ರೀ ಮುಂದಿನವಳ ಹತ್ತಿರ ಹೋದಳು, ಅವಳ ಮುಂದಿನವಳ ಹತ್ತಿರ ಹೋದಳು. ಗಿರಣಿಗೆ ಬರುತ್ತಿದ್ದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಕೂತರು. ಜೈನಾಬಳೂ ಕೂತಳು. ಭಜನೆಯವರೂ ತಾಳ ಮಡಿಲಲ್ಲಿಟ್ಟುಕೊಂಡು ಕೂತರು.

ಕೆರಿಯಪ್ಪನಿಗೆ ಸಿಟ್ಟು ನೆತ್ತಿಗೇರಿತು. ಇದೇನು ಹುಡುಗಾಟ, ಹೆಣ ಹೊತ್ತವರು ಎಷ್ಟು ಹೊತ್ತು ನಿಲ್ಲಬೇಕು ಎಂದು ಕೇಳಿದ.

"ನಿಲ್ಲೋದು ಬ್ಯಾಡ್ರಿ ದೊಡ್ಡಪ್ಪ," ಎಂದಳು ರಮ್ಯಶ್ರೀ. ದನಿ ಸಣ್ಣದಿದ್ದರೂ ಎಲ್ಲರಿಗೂ ಕೇಳಿಸಿತು. "ಇಳಸ್ರಿ. ಅವ್ವನೂ ಕುಂದ್ರಲಿ."

ಹೊತ್ತವರು ಕೆರಿಯಪ್ಪನನ್ನು ನೋಡಲಿಲ್ಲ. ವಿಮಾನವನ್ನು ಗೇಟಿನ ಎದುರಿಗೆ ಇಳಿಸಿ ತಾವೂ ಕೂತರು.

ಸ್ವಲ್ಪ ಹೊತ್ತಿಗೆ ಅನಾನಸ್ ಸಾಲುಗಳ ನಡುವಿನಿಂದ ಸಾಹುಕಾರ ಬಂದ. ಗೇಟಿನ ಆಚೆ ನಿಂತು, ಇದಕ್ಕೆಲ್ಲ ಮುಂದಾಳು ಯಾರು ಎಂದು ಗುಡುಗಿದ. ರಮ್ಯಶ್ರೀ ಅವ್ವನ ವಾಲಿದ್ದ ತಲೆಯನ್ನು ಎತ್ತಿ, ಗೇಟಿನ ಕಡೆ ನೇರ ಮಾಡಿ, ಹಣೆಯ ಪಟ್ಟಿ ಬಿಗಿದಳು. ಆಮೇಲೆ ಎಲ್ಲರನ್ನೂ ದಾಟಿ ಹಿಂದಕ್ಕೆ ಹೋಗಿ, ನೀಲಗಂಗವ್ವನ ಪಕ್ಕದಲ್ಲಿ ಕೂತಳು.